ಸ್ಪೀಕರ್ ಕರಮ್‌ದಾದ್ ಬಾಯಿ ಬಿಟ್ಟ ದಿನ

ಕರಮ್‌ದಾದ್ ಸುಮ್ರಾ ಮಾತಿನ ಮಲ್ಲ ಎನ್ನುವುದು ಖುರ್ಷೀದಾ ಬೀಬಿಗೆ ನಿಕಾಹ್ ದಿನವೇ ಗೊತ್ತಾಗಿಹೋಯಿತು. ಮೌಲ್ವಿಗಳು ಒಪ್ಪಿಗೆಯೇ ಎಂದು ಕೇಳಿದಾಗ ಮದುಮಗ ಒಪ್ಪಿಗೆ ಎಂದಷ್ಟೇ ಹೇಳಿ ಸುಮ್ಮನಿರಬೇಕು. ಈ ಮಹಾಶಯ ತನಗೆ ಯಾಕೆ ಒಪ್ಪಿಗೆ ಎಂದು ವಿವರಿಸಲು ಶುರುಮಾಡಿದ. ಪರದೆಯ ಆಚೆ ಕೂತಿದ್ದ ಖುರ್ಷೀದಾ ನಗು ತಡೆಯಲಾರದೆ ದುಪಟ್ಟಾದ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೊರಗೆ ಪುಲಾವಿನ ಹಂಡೆ ಇಳಿಸಿ ಕಾಯುತ್ತಿದ್ದ ಅಡುಗೆಯವನು, "ಸಾಯೀಂ, ಅನ್ನ ಆರ್ತಾ ಇದೆ!" ಎಂದು ಕೂಗಿದ ಮೇಲೆಯೇ ಮದುವೆ ಮುಗಿದದ್ದು.

ಅದೇ ಚಪ್ಪರದಲ್ಲಿ, ಅದೇ ದಿನ, ಅವಳ ಅಣ್ಣ ಅತಾ ರಸೂಲನಿಗೆ ಕರಮ್‌ದಾದನ ತಂಗಿ ನೂರಾಂಳನ್ನು ಕೊಟ್ಟರು. ಅವರ ಊರು ಕೋಟ್ ಬೇರಿವಾಲಾದ ಕಡೆ ಹೀಗೆ ಕೊಟ್ಟು ತರುವ ಸಂಬಂಧವೇ ಹೆಚ್ಚು. ಅದರಲ್ಲೊಂದು ತೊಡಕಿದೆ. ಈ ಮನೆಯ ಗಂಡ ಹೆಂಡತಿಯ ಮೇಲೆ ರೇಗಿದರೆ, ಸರಿದೂಗಿಸಲಿಕ್ಕೆ ಆ ಮನೆಯ ಗಂಡನೂ ರೇಗಲೇಬೇಕು. ಕರಮ್‌ದಾದ್ ಒಮ್ಮೆ ಸಾಸಿವೆ ಸೊಪ್ಪಿನ ಸಾಗಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ಸರಿಸಿದ. ಸುದ್ದಿ ತಿಳಿದ ಅತಾ ರಸೂಲ್ ಮಾರನೆಯ ದಿನ ತನ್ನ ಮನೆಯಲ್ಲಿ, ರುಚಿರುಚಿಯಾಗಿದ್ದ ಸಾಗಿನ ತಟ್ಟೆಯನ್ನು ಸುಮ್ಮಸುಮ್ಮನೆ ಸರಿಸಿ, ಹಸಿದುಕೊಂಡೇ ಮಲಗಿದ. ಆಮೇಲೆ ನಾದಿನಿ ಅತ್ತಿಗೆಯರಿಬ್ಬರೂ ಸೇರಿ ಗಂಡಂದಿರನ್ನು ಕೂರಿಸಿಕೊಂಡು ಕಟ್ಟುನಿಟ್ಟಾಗಿ ಹೇಳಿದರು: ನಿಮ್ಮ ಜಗಳ ಏನಿದ್ದರೂ ಮನೆಯ ಹೊರಗೆ ಇಟ್ಟುಕೊಳ್ಳಿ.

ಗಂಡಸರು ಒಪ್ಪಿಕೊಂಡರು. ಹೊರಗೆ ಹೋಗಿ ಚುನಾವಣೆಗೆ ನಿಂತರು.

ಅತಾ ರಸೂಲನಿಗೆ ಜಮೀನಿತ್ತು, ಜೀಪಿತ್ತು, ಹಿಂದೆ ಮುಂದೆ ಜನ ಇದ್ದರು. ಕರಮ್‌ದಾದನಿಗೆ ಇದ್ದದ್ದು ತಾಲ್ಲೂಕು ಕೋರ್ಟಿನ ಕರಿಕೋಟು ಮತ್ತು ಬಾಯಿ. ಥಲ್ ಮರಳುಗಾಡಿನ ಹಳ್ಳಿಗಳಿಗೆ ಒಂಟೆಯ ಮೇಲೆ ಹೋಗುತ್ತಿದ್ದ. ಕಡಲೆ ಕೀಳುವವರ ಮಧ್ಯೆ ನಿಂತು ಭಾಷಣ ಶುರುಮಾಡಿದರೆ ಅವರು ಹೊಲದ ಆ ಕೊನೆ ಮುಟ್ಟಿ ತಿರುಗಿ ಬರುವಷ್ಟರಲ್ಲಿ ಇನ್ನೂ ಪೀಠಿಕೆಯಲ್ಲೇ ಇರುತ್ತಿದ್ದ. ಜನಕ್ಕೆ ಅವನೆಂದರೆ ಇಷ್ಟ. ಆದರೆ ಓಟು ಅತಾ ರಸೂಲನಿಗೇ ಹಾಕುತ್ತಿದ್ದರು. ಎರಡು ಸಲ ಹಾಗೇ ಆಯಿತು. ಪ್ರತಿ ಸಲವೂ ಗಂಡ ಮತ್ತು ಅಣ್ಣ ಇಬ್ಬರೂ ಬೇರೆಬೇರೆಯಾಗಿ ಬಂದು, "ನೀನು ಯಾರಿಗೆ ಹಾಕ್ದೆ?" ಎಂದು ಖುರ್ಷೀದಾಳನ್ನು ಪೀಡಿಸುವರು. "ಗೆದ್ದೋರಿಗೆ ಹಾಕ್ದೆ" ಎಂದು ಗಂಡನಿಗೂ, "ಸೋತೋರಿಗೆ ಹಾಕ್ದೆ" ಎಂದು ಅಣ್ಣನಿಗೂ ಹೇಳಿ ಅವಳು ತಂದೂರಿನ ಕಡೆ ತಿರುಗುತ್ತಿದ್ದಳು.

ನಡುವೆ ಸೇನೆಯ ಆಳ್ವಿಕೆ ಬಂತು. ತಮ್ಮ ಊರು ಕೋಟಿನ ಬಸ್ ನಿಲ್ದಾಣದಲ್ಲಿ ಮಾಡಿದ ಒಂದು ಭಾಷಣಕ್ಕೆ ಕರಮ್‌ದಾದನನ್ನು ಹಿಡಿದು ಜೈಲಿಗೆ ಹಾಕಿದರು. ಖುರ್ಷೀದಾ ಅತ್ತಳು, ಸೋಹನ್ ಹಲ್ವಾದ ಡಬ್ಬಿ ಕಟ್ಟಿಕೊಂಡು ನೋಡಲು ಹೋದಳು. ಜೈಲರು ಕೈಮುಗಿಯುವುದೊಂದು ಬಾಕಿ. "ತಾಯೀ, ನಿಮ್ಮ ಯಜಮಾನ್ರು ದಿನಾ ಬೆಳಿಗ್ಗೆ ಕೈದಿಗಳಿಗೆ ಭಾಷಣ ಮಾಡ್ತಾರೆ. ಕೈದಿಗಳು ಕೇಳ್ತಾರೆ, ಬೇಡ ಅನ್ನಲ್ಲ. ನಮ್ಮ ಕಾವಲಿನವರೂ ಕೇಳ್ತಾರೆ, ಬಾಗಿಲು ಹಾಕೋದು ಮರೀತಾರೆ. ಸ್ವಲ್ಪ ಹೇಳಿ" ಎಂದರು. ಆ ಜೈಲುವಾಸವೇ ಅವನ ಕೈ ಹಿಡಿಯಿತು. ಮುಂದಿನ ಚುನಾವಣೆಯಲ್ಲಿ ಕೋಟಿನ ಜನ ಅವನನ್ನು ಗೆಲ್ಲಿಸಿದರು. ಕ್ಷೇತ್ರದ ಗಡಿ ಬದಲಾಗಿ ಅತಾ ರಸೂಲ್ ಪಕ್ಕದ ನದಿದಂಡೆಯ ಕ್ಷೇತ್ರದಿಂದ ಗೆದ್ದ. ಭಾವಂದಿರಿಬ್ಬರೂ ಒಂದೇ ರೈಲಿನಲ್ಲಿ, ಬೇರೆಬೇರೆ ಬೋಗಿಯಲ್ಲಿ ಕೂತು, ರಾಷ್ಟ್ರೀಯ ಸಭೆಗೆ ಹೋದರು. ಕರಮ್‌ದಾದನ ಪಕ್ಷ ಸರ್ಕಾರ ಮಾಡಿತು, ಅತಾ ರಸೂಲನದು ವಿರೋಧದಲ್ಲಿ ಕೂತಿತು.

ಸರ್ಕಾರಕ್ಕೆ ಬಹುಮತ ಕೂದಲೆಳೆಯಷ್ಟು. ಸ್ಪೀಕರ್ ಯಾರಾಗಬೇಕು ಎನ್ನುವುದೇ ದೊಡ್ಡ ತಲೆನೋವಾಯಿತು. ಇವರು ಹೇಳಿದ ಹೆಸರಿಗೆ ಅವರು ಒಲ್ಲೆ, ಅವರು ಹೇಳಿದ್ದಕ್ಕೆ ಇವರು ಒಲ್ಲೆ. ಆಗ ಅತಾ ರಸೂಲ್ ಎದ್ದು ನಿಂತು ತನ್ನ ಭಾವನ ಹೆಸರು ಹೇಳಿದ. ಸಭೆಯೇ ಬೆರಗಾಯಿತು. ಕರಮ್‌ದಾದನ ಪಕ್ಷದವರು ಮುಖಮುಖ ನೋಡಿಕೊಂಡರು. ತಮ್ಮ ಸಭೆಗಳಲ್ಲಿ ಅವನ ಮಾತು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. ಒಂದು ಗಳಿಗೆಯಲ್ಲಿ ಆಯ್ಕೆ ಮುಗಿದೇ ಹೋಯಿತು.

ಆ ಸಂಜೆ ಫೋನಿನಲ್ಲಿ ಖುರ್ಷೀದಾ ಅಣ್ಣನನ್ನು ಕೇಳಿದಳು: "ಅಣ್ಣಾ, ನಿಜ ಹೇಳು. ಇಷ್ಟು ವರ್ಷ ಅವರ ಕಾಲೆಳೆದು, ಇವತ್ತೇನು ಇಷ್ಟು ಪ್ರೀತಿ?"

"ಪ್ರೀತಿ ಎಲ್ಲಿಂದ ಬಂತೇ?" ಅತಾ ರಸೂಲ್ ಗಹಗಹಿಸಿ ನಕ್ಕ. "ಸ್ಪೀಕರ್ ಕುರ್ಚಿ ಮೇಲೆ ಕೂತೋನು ಭಾಷಣ ಮಾಡೋ ಹಾಗಿಲ್ಲ. ನಿನ್ನ ಗಂಡನ ಬಾಯಿ ಮುಚ್ಚಿಸೋಕೆ ಜನರಲ್ ಕೈಲೂ ಆಗ್ಲಿಲ್ಲ. ನಾನು ಮುಚ್ಚಿಸ್ದೆ ನೋಡು!"

ಸುದ್ದಿ ಕೋಟಿಗೆ ತಲುಪಿ ಊರವರು ಬಂದೂಕು ಹಾರಿಸಿ, ಢೋಲು ಬಾರಿಸಿ, ಕುಣಿದರು. ದೇಶದ ದೊಡ್ಡ ಹುದ್ದೆಗಳಲ್ಲೊಂದು ಮರಳುಗಾಡಿನ ಊರಿಗೆ ಬಂದದ್ದು ಅದೇ ಮೊದಲು. ಕರಮ್‌ದಾದನಿಗೆ ಮಾತ್ರ ತಾನು ಎಲ್ಲಿ ಸಿಕ್ಕಿಬಿದ್ದೆ ಎಂದು ಅರ್ಥವಾಗಲು ಒಂದು ವಾರ ಹಿಡಿಯಿತು.

ಇಸ್ಲಾಮಾಬಾದಿನ ಸ್ಪೀಕರ್ ಬಂಗಲೆಗೆ ಖುರ್ಷೀದಾ ಪಾತ್ರೆಪಗಡ, ಹಗ್ಗದ ಮಂಚ, ಒಂದು ಎಮ್ಮೆ ಸಮೇತ ಬಂದಿಳಿದಳು. ಬಂಗಲೆ ನೋಡಿಕೊಳ್ಳುವ ಅಧಿಕಾರಿ ಓಡಿಬಂದು, "ಬೇಗಂ ಸಾಹಿಬಾ, ಇಲ್ಲಿ ದನಕರು ಸಾಕೋ ಹಾಗಿಲ್ಲ" ಎಂದ. "ಪೊಟ್ಟಣದ ಹಾಲಲ್ಲಿ ಚಹಾ ಮಾಡಿಕೊಟ್ರೆ ಇವರು ಸಭೆ ನಡೆಸಲ್ಲ. ಆಮೇಲೆ ದೇಶ ನಿಂತುಹೋದ್ರೆ ನನ್ನನ್ನ ಕೇಳ್ಬೇಡಿ" ಎಂದಳು. ಮಾತು ಮುಗಿಯುವುದರೊಳಗೆ ಎಮ್ಮೆ ಗುಲಾಬಿ ಪಾತಿಯಲ್ಲಿ ಬಾಯಿ ಹಾಕಿತ್ತು. ಅಧಿಕಾರಿ ಒಂದು ಲೋಟ ಲಸ್ಸಿ ಕುಡಿದು, ಎಮ್ಮೆಯನ್ನು ನೋಡಿಯೇ ಇಲ್ಲ ಎನ್ನುವ ಹಾಗೆ ಹೊರಟುಹೋದ.

ಹಗಲೆಲ್ಲ ಕರಮ್‌ದಾದ್ ಎತ್ತರದ ಕುರ್ಚಿಯ ಮೇಲೆ ಕೂತು, "ಮಾನ್ಯ ಸದಸ್ಯರು ಕೂತುಕೊಳ್ಳಿ", "ನಿಮ್ಮ ಸಮಯ ಮುಗಿಯಿತು" ಎನ್ನುವುದು. ಬೇರೆ ಮಾತಿಲ್ಲ. ವಸಂತ ಬಂದು ಇಸ್ಲಾಮಾಬಾದಿನ ಕಾಡು ಹಿಪ್ಪುನೇರಳೆ ಮರಗಳ ಪರಾಗ ಗಾಳಿಗೆ ಹಾರಿದಾಗ ಸಭೆಗೆ ಸಭೆಯೇ ಸೀನುತ್ತಿತ್ತು. ಸ್ಪೀಕರ್ ಸಾಹೇಬರೂ ಮನಸಾರೆ ಸೀನುತ್ತಿದ್ದರು. ಅದಕ್ಕೆ ಯಾವ ನಿಯಮದ ಅಡ್ಡಿಯೂ ಇರಲಿಲ್ಲ.

ಹಗಲು ಕಟ್ಟಿಟ್ಟ ಮಾತು ಸಂಜೆ ಮನೆಯಲ್ಲಿ ಕಟ್ಟೆಯೊಡೆಯುತ್ತಿತ್ತು. ಮಾಲಿಗೆ, ಅಡುಗೆಯವನಿಗೆ, ಕೊನೆಗೆ ಎಮ್ಮೆಗೂ ಮಾತು. ಖುರ್ಷೀದಾ ರೊಟ್ಟಿ ತಟ್ಟುತ್ತಾ ಹೂಂಗುಡುವಳು. ಮೊದಮೊದಲು ಎಲ್ಲ ದೂರೇ. "ಅಲ್ಲ ಖುರ್ಷೀದಾ, ಸ್ಪೀಕರ್ ಅಂದ್ರೆ ಮಾತಾಡೋನು ಅಂತ ತಾನೆ ಅರ್ಥ? ಮಾತಾಡದೇ ಇರೋನಿಗೆ ಆ ಹೆಸರು ಇಟ್ಟೋನು ಎಂಥ ಕುಹಕಿ ಇರ್ಬೇಕು!" ಬರುಬರುತ್ತಾ ಮಾತಿನ ಧಾಟಿ ಬದಲಾದದ್ದನ್ನು ಅವಳು ಗಮನಿಸಿದಳು. "ಇವತ್ತು ಚಿತ್ರಾಲಿನವರು ಮಾತಾಡಿದ್ರು. ಸಭೇಲಿ ಹತ್ತು ಜನ ಇರ್ಲಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತಂತೆ. ಅವರ ಸೊಸೆಯ ಹೆರಿಗೆಗೆ ಸೂಲಗಿತ್ತೀನ ಹಲಗೆ ಮೇಲೆ ಜಾರಿಸ್ಕೊಂಡು ಗುಡ್ಡ ಇಳಿಸಿದ್ರಂತೆ ಕಣೇ! ಮಗು ಚೆನ್ನಾಗಿದೆಯಂತೆ." ಇನ್ನೊಂದು ಸಂಜೆ ಮಕ್ರಾನಿನ ಮೀನುಗಾರರ ವಿಷಯ, ಮತ್ತೊಂದು ಸಂಜೆ ಥರ್‌ಪಾರ್ಕರಿನ ಬಾವಿಯ ವಿಷಯ. ಬೇರೆಯವರ ಮಾತನ್ನು ಕರಮ್‌ದಾದ್ ಇಷ್ಟು ಆಸೆಯಿಂದ ಹೇಳುವುದನ್ನು ಅವಳು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಕಿವಿಯೂ ಇತ್ತಲ್ಲ ಇವರಿಗೆ, ಎಂದುಕೊಂಡಳು.

ಎರಡು ವರ್ಷ ಹೀಗೆ ಸಾಗಿತು. ಆಗ ಬಂತು ಒಡ್ಡಿನ ಮಸೂದೆ.

ಸಿಂಧೂ ನದಿಯ ಎಡದಂಡೆಯ ಉದ್ದಕ್ಕೂ ಕಲ್ಲಿನ ಒಡ್ಡು ಕಟ್ಟಬೇಕೆಂದು ಹಿಂದಿನ ಸಭೆ ಕಾನೂನು ಮಾಡಿತ್ತು. ಪ್ರತಿ ಬೇಸಿಗೆಯಲ್ಲೂ ನದಿ ಉಬ್ಬಿ ದಂಡೆಯ ಹಳ್ಳಿಗಳನ್ನು ಒಂದೊಂದೇ ತುತ್ತಾಗಿ ತಿನ್ನುತ್ತಿತ್ತು. ಈಗಿನ ಮಂತ್ರಿ ಚೌಧರಿ ಇಕ್ರಾಮ್ ವಿರ್ಕ್, ಕರಮ್‌ದಾದನ ಪಕ್ಷದ ಹಿರಿತಲೆ, ಆ ಕಾನೂನನ್ನೇ ರದ್ದುಮಾಡಿ ಕಲ್ಲು, ಯಂತ್ರ, ಎಂಜಿನಿಯರುಗಳನ್ನೆಲ್ಲ ಬೇರೊಂದು ದೊಡ್ಡ ರಸ್ತೆಯ ಕೆಲಸಕ್ಕೆ ತಿರುಗಿಸಲು ಹೊರಟಿದ್ದರು. ವಿರೋಧದ ಕಡೆಯಿಂದ ಮಾತಾಡಬೇಕಾದವನು ಅತಾ ರಸೂಲ್. ಅವನ ಕ್ಷೇತ್ರವೇ ದಂಡೆಯಲ್ಲಿತ್ತು. ಚರ್ಚೆಯ ಹಿಂದಿನ ದಿನ ವಿರ್ಕ್ ಬಂಗಲೆಗೆ ಬಂದು, ಲಸ್ಸಿ ಕುಡಿದು, ಮೀಸೆ ಒರೆಸಿಕೊಂಡು, "ಸುಮ್ರಾ ಸಾಹೇಬ್ರೇ, ನಾಳೆ ನಿಮ್ಮ ಭಾವ ಬಾಯಿ ತೆಗೆದ ಕೂಡ್ಲೇ ಗಲಾಟೆ ಆಗುತ್ತೆ. ನೀವು ಅವರ ಮೈಕ್ ಬಂದ್ ಮಾಡಿ, ಓಟಿಗೆ ಹಾಕಿಬಿಡಿ. ಅಷ್ಟೇ ಕೆಲಸ" ಎಂದು ಹೇಳಿಹೋಗಿದ್ದರು.

ಮಾರನೆಯ ಸಂಜೆ ಕರಮ್‌ದಾದ್ ಮನೆಗೆ ಬಂದವನು ಮಾತಾಡಲಿಲ್ಲ. ಹಗ್ಗದ ಮಂಚದ ಮೇಲೆ ಕೂತು ಹುಕ್ಕಾದ ಕೊಳವೆ ಹಿಡಿದುಕೊಂಡ, ಸೇದಲಿಲ್ಲ. ಖುರ್ಷೀದಾಗೆ ಗಾಬರಿಯಾಯಿತು. ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ ಬಿಡು," ಎಂದ. "ನಿನ್ನಣ್ಣನಿಗೆ ಮಾತಾಡೋಕೆ ಬಿಟ್ಟೆ."

"ಮತ್ತೆ?"

"ಗಲಾಟೆ ಮಾಡಿದೋರನ್ನ ಕೂರಿಸ್ದೆ. ಅವನು ಮಾತಾಡ್ದ. ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗಿ ಮಾತಾಡ್ದ ಕಣೇ. 'ನಮ್ಮೂರಲ್ಲಿ ಮಸೀದಿ ಮೂರು ಸಲ ಹಿಂದಕ್ಕೆ ಸರಿದಿದೆ, ಶಾಲೆ ಎರಡು ಸಲ. ಇನ್ನು ಹಿಂದಕ್ಕೆ ಸರಿಯೋಕೆ ಮರಳುಗಾಡು ಮಾತ್ರ ಉಳಿದಿದೆ' ಅಂದ. ನದಿದಂಡೆಯ ನಮ್ಮ ಪಕ್ಷದೋರೇ ಕೆಲವರು ಎದ್ದು ಆಚೆ ಕಡೆ ಹೋಗಿ ಕೂತ್ರು. ಎಣಿಸಿದಾಗ ಎರಡೂ ಕಡೆ ಸಮಸಮ."

ಖುರ್ಷೀದಾಗೆ ಅಷ್ಟು ರಾಜಕೀಯ ಗೊತ್ತಿತ್ತು. ಸ್ಪೀಕರ್ ಓಟು ಹಾಕುವ ಹಾಗಿಲ್ಲ, ಸಮಸಮ ಆದಾಗ ಮಾತ್ರ ಹಾಕಬೇಕು.

"ನೀವು ಯಾರಿಗೆ ಹಾಕಿದ್ರಿ?"

"ಇರೋ ಕಾನೂನು ಇರ್ಲಿ ಅಂತ ಹಾಕ್ದೆ. ಕುರ್ಚಿಯ ಪದ್ಧತಿ ಅದೇ. ಮನಸ್ಸಿಗೂ ಅದೇ ಸರಿ ಅನ್ನಿಸ್ತು. ಮಸೂದೆ ಬಿದ್ದುಹೋಯ್ತು." ಕರಮ್‌ದಾದ್ ನಿಟ್ಟುಸಿರಿಟ್ಟ. "ಈಗ ನೋಡು, ಹೆಂಡ್ತಿಯ ಅಣ್ಣನಿಗೋಸ್ಕರ ಪಕ್ಷ ಮಾರ್ಕೊಂಡ ಅಂತಿದಾರೆ. ನಾನು! ಅತಾ ರಸೂಲನಿಗೋಸ್ಕರ! ಅವನ ಮೈಕ್ ಬಂದ್ ಮಾಡೋದಕ್ಕಿಂತ ದೊಡ್ಡ ಸುಖ ನನಗೆ ಈ ಲೋಕದಲ್ಲಿ ಇತ್ತೇನೇ?"

ಖುರ್ಷೀದಾಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆದರೆ ಮರುದಿನ ನಗುವ ಹಾಗಿರಲಿಲ್ಲ. ಸ್ಪೀಕರನ್ನು ಕೆಳಗಿಳಿಸಬೇಕೆಂದು ಅವನ ಪಕ್ಷದವರೇ ಗೊತ್ತುವಳಿ ಕೊಟ್ಟರು. ವಿರ್ಕ್ ಮತ್ತೆ ಬಂಗಲೆಗೆ ಬಂದರು. ಈ ಸಲ ಲಸ್ಸಿ ಮುಟ್ಟಲಿಲ್ಲ.

"ಸುಮ್ರಾ ಸಾಹೇಬ್ರೇ, ಮರ್ಯಾದೆಯಾಗಿ ರಾಜೀನಾಮೆ ಕೊಟ್ಬಿಡಿ. ಆರೋಗ್ಯ ಸರಿಯಿಲ್ಲ ಅಂತ ಹೇಳೋಣ. ಯಾವುದಾದ್ರೂ ದೇಶಕ್ಕೆ ರಾಯಭಾರಿ ಮಾಡಿ ಕಳಿಸ್ತೀವಿ. ಹವಾ ಚೆನ್ನಾಗಿರೋ ದೇಶಕ್ಕೇ."

ಕರಮ್‌ದಾದ್ ತಲೆ ತಗ್ಗಿಸಿ ಕೂತಿದ್ದ. ನಲವತ್ತು ವರ್ಷದಿಂದ ಅದೇ ಪಕ್ಷ, ಅದೇ ಬಾವುಟ. ಅವನು ಸೋಲುತ್ತಿದ್ದಾನೆ ಎಂದು ಖುರ್ಷೀದಾಗೆ ಗೊತ್ತಾಯಿತು. ಬಾಗಿಲ ಮರೆಯಲ್ಲಿದ್ದವಳು ಒಳಗೆ ಬಂದಳು.

"ಚೌಧರಿ ಸಾಹೇಬ್ರೇ, ಒಂದು ಕೇಳ್ತೀನಿ. ಇಳಿಸೋ ಗೊತ್ತುವಳಿ ಬಂದ ದಿನ ಇವರು ಆ ಎತ್ತರದ ಕುರ್ಚಿ ಮೇಲೆ ಕೂತಿರ್ತಾರಾ?"

"ಇಲ್ಲ ತಾಯಿ. ಅವತ್ತು ಉಪಸ್ಪೀಕರ್ ಕೂರ್ತಾರೆ. ಇವರು ಕೆಳಗೆ, ಎಲ್ಲರ ಹಾಗೆ."

"ಎಲ್ಲರ ಹಾಗೆ ಅಂದ್ರೆ, ಎಲ್ಲರ ಹಾಗೆ ಮಾತಾಡಬಹುದು?"

ವಿರ್ಕ್ ತಡವರಿಸಿದರು. "ತಮ್ಮ ಪರವಾಗಿ... ಮಾತಾಡಬಹುದು."

ಖುರ್ಷೀದಾ ಗಂಡನ ಕಡೆ ತಿರುಗಿದಳು. "ರೀ, ಎರಡು ವರ್ಷದಿಂದ ನಿಮ್ಮ ಭಾಷಣ ನಾನೊಬ್ಬಳೇ ಕೇಳಿದೀನಿ. ನಾನು, ಆ ಎಮ್ಮೆ. ಒಂದು ದಿನ ಇವರೂ ಕೇಳ್ಲಿ. ಆಮೇಲೆ ಬೇಕಾದ್ರೆ ಇಳಿಸ್ಲಿ, ನಾನೇ ಬಂದು ಏಣಿ ಹಿಡೀತೀನಿ."

ಕರಮ್‌ದಾದ್ ನಿಧಾನವಾಗಿ ತಲೆಯೆತ್ತಿದ. ಮುಖದಲ್ಲಿ ದೀಪ ಹಚ್ಚಿದ ಹಾಗಾಯಿತು. ವಿರ್ಕ್ ಟೋಪಿ ಎತ್ತಿಕೊಂಡು ಹೊರಟರು.

ಗೊತ್ತುವಳಿಯ ದಿನ ಪ್ರೇಕ್ಷಕರ ಸಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೂರಾಂ ಕೂಡ ಕೋಟಿನಿಂದ ಬಂದಿದ್ದಳು. ಅತ್ತಿಗೆ ನಾದಿನಿ ಅಂಟಿಕೊಂಡು ಕೂತು, ಹುರಿಗಡಲೆಯ ಪೊಟ್ಟಣವನ್ನು ಕಾವಲಿನವನ ಕಣ್ಣು ತಪ್ಪಿಸಿ ಚಾದರದೊಳಗೆ ಇಟ್ಟುಕೊಂಡಿದ್ದರು. ಕೆಳಗೆ ಕರಮ್‌ದಾದ್ ನೀಲಿ ಅಜ್ರಕ್ ಶಾಲನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತ. ತನ್ನ ಮೇಲಿನ ಆರೋಪಗಳಿಗೆ ಉತ್ತರ ಕೊಡುತ್ತಾನೆ ಎಂದು ಎಲ್ಲರೂ ಕಾದಿದ್ದರು. ಅವನು ಅದರ ಗೋಜಿಗೇ ಹೋಗಲಿಲ್ಲ.

"ಸನ್ಮಾನ್ಯರೇ, ಆ ಕುರ್ಚಿ ಮೇಲೆ ಕೂತಾಗ ನನ್ನ ಹತ್ರ ಹೇಳೋಕೆ ತುಂಬಾ ಇತ್ತು. ಹೇಳೋ ಹಾಗಿರ್ಲಿಲ್ಲ. ಬೇರೆ ಕೆಲಸ ಇಲ್ದೆ ನಿಮ್ಮ ಮಾತು ಕೇಳ್ದೆ," ಎಂದ. ಸಭೆ ನಕ್ಕಿತು. "ನೀವೆಲ್ಲ ಮಾತಾಡಿ ಚಹಾಕ್ಕೆ ಎದ್ದು ಹೋಗ್ತಿದ್ರಿ. ನನಗೆ ಎದ್ದು ಹೋಗೋಕೂ ಆಗ್ತಿರ್ಲಿಲ್ಲ. ಅದಕ್ಕೇ ಎಲ್ಲಾ ತಲೇಲಿ ಉಳಿದುಬಿಟ್ಟಿದೆ. ಇವತ್ತು ನಿಮಗೆ ವಾಪಸ್ ಕೊಟ್ಟು ಹೋಗೋಣ ಅಂತ ಬಂದೆ."

ಹಾಗೆ ಹೇಳಿ ಚಿತ್ರಾಲಿನ ಮುದುಕರ ಕಡೆ ತಿರುಗಿ, ಹಲಗೆಯ ಮೇಲೆ ಜಾರಿ ಬಂದ ಸೂಲಗಿತ್ತಿಯ ಕಥೆ ಹೇಳಿದ. ಅವತ್ತು ಖಾಲಿ ಸಭೆಗೆ ಹೇಳಿದ್ದು ಇವತ್ತು ತುಂಬಿದ ಸಭೆಗೆ ಕೇಳಿಸಿತು. "ಆ ಮಗೂಗೆ ಈಗ ನಡೆಯೋಕೆ ಬರಬೇಕಲ್ಲ ಸಾಹೇಬ್ರೇ?" ಎಂದು ಕೇಳಿದಾಗ ಮುದುಕರು ಎದ್ದು ನಿಂತು, "ಓಡ್ತಾನೆ!" ಎಂದರು. ಮಕ್ರಾನಿನವರ ಕಡೆ ತಿರುಗಿದ, ರಾತ್ರಿಯೆಲ್ಲ ಕಾದು ಖಾಲಿ ಬಲೆ ಎಳೆದ ಅಣ್ಣತಮ್ಮಂದಿರ ಮಾತು ಹೇಳಿದ. ಥರ್‌ಪಾರ್ಕರಿನ ಬಾವಿಗೆ ಹಗ್ಗ ಎಳೆಯುವ ಒಂಟೆಯ ಹೆಸರು ಕೂಡ ಅವನಿಗೆ ನೆನಪಿತ್ತು. ಲಾಹೋರಿನ ಹಳೇ ಪೇಟೆಯಲ್ಲಿ ದಿನಪೂರ್ತಿ ಬಟ್ಟೆ ಹೊಲಿಯುವ ಹೆಂಗಸರ ಬಗ್ಗೆ ಮಾತಾಡಿದ್ದ ಸದಸ್ಯೆ, ತನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿ ಕಣ್ಣೊರೆಸಿಕೊಂಡಳು. ಊಟದ ಹೊತ್ತಾಯಿತು. ಉಪಸ್ಪೀಕರ್ ಗಂಟೆಯ ಮೇಲೆ ಕೈಯಿಟ್ಟರೆ ಎರಡೂ ಕಡೆಯಿಂದ, "ಬಿಡ್ರೀ, ಮಾತಾಡ್ಲಿ! ನಮ್ಮ ಜಿಲ್ಲೆ ಇನ್ನೂ ಬಂದಿಲ್ಲ!" ಎಂದು ಕೂಗು. ಖುರ್ಷೀದಾ ಮೇಲಿನಿಂದ ನೋಡುತ್ತಲೇ ಇದ್ದಳು. ಇವೆಲ್ಲ ಅವಳು ರೊಟ್ಟಿ ತಟ್ಟುತ್ತಾ ಕೇಳಿದ್ದ ಮಾತುಗಳೇ. ಆದರೂ ಹುರಿಗಡಲೆ ತಿನ್ನುವುದನ್ನೂ ಮರೆತು ಕೇಳಿದಳು.

ಕೊನೆಗೆ ಅವನು ವಿರ್ಕ್ ಕಡೆ ತಿರುಗಿದ.

"ಚೌಧರಿ ಸಾಹೇಬ್ರೇ, ನೀವು ಮಂತ್ರಿ ಆಗೋಕೆ ಮುಂಚೆ ಒಂದು ಮಧ್ಯಾಹ್ನ ಮಾತಾಡಿದ್ರಿ. ನಿಮ್ಮೂರಿನ ರೈಲು ದಾರಿ ದಾಟೋ ಕಡೆ ಗೇಟಿಲ್ಲ, ನಿಮ್ಮ ಜೊತೆ ಶಾಲೆಗೆ ಬರ್ತಿದ್ದ ಗೆಳೆಯ ಅಲ್ಲೇ ಹೋದ, ಅಂತ. ಮಾತು ಮುಗಿಸೋಕೆ ನಿಮಗೆ ಆಗ್ಲಿಲ್ಲ, ಕೂತ್ಬಿಟ್ರಿ. ಬರೆದುಕೊಳ್ಳೋರು 'ಭಾಷಣ ಅಪೂರ್ಣ' ಅಂತ ಬರೆದ್ರು. ನನಗೇನೋ ಪೂರ್ತಿ ಕೇಳಿಸ್ತು. ಆ ಗೇಟು ಇನ್ನೂ ಬಂದಿಲ್ಲ. ಇನ್ನೊಬ್ಬರ ಮೈಕ್ ಬಂದ್ ಮಾಡೋನು ನಾನಾಗಿದ್ರೆ, ಅವತ್ತು ನಿಮ್ಮದೂ ಬಂದ್ ಆಗ್ತಿತ್ತು. ನನ್ನ ಮಾತು ಇಷ್ಟೇ."

ಕೂತುಬಿಟ್ಟ. ಚಪ್ಪಾಳೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದಮೇಲೆ ನಿಲ್ಲಲು ಇನ್ನೂ ಹೊತ್ತು ಹಿಡಿಯಿತು. ವಿರ್ಕ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು.

ಗುಪ್ತ ಮತದಾನ ನಡೆಯಿತು. ಗೊತ್ತುವಳಿ ಬಿದ್ದುಹೋಯಿತು. ವಿರೋಧ ಪಕ್ಷದಲ್ಲಿ ಇದ್ದ ತಲೆಗಳಿಗಿಂತ ಎಷ್ಟೋ ಹೆಚ್ಚು ಓಟು ಕರಮ್‌ದಾದನ ಪರ ಬಿದ್ದಿತ್ತು. ನೂರಾಂ ಕೂತಲ್ಲಿಂದ ಹಾರಿ ಎದ್ದ ರಭಸಕ್ಕೆ ಹುರಿಗಡಲೆಯೆಲ್ಲ ಕೆಳಗೆ ಕೂತಿದ್ದ ಪತ್ರಕರ್ತರ ತಲೆಯ ಮೇಲೆ ಸುರಿಯಿತು. ಅತಾ ರಸೂಲ್ ಓಡಿಬಂದು ಭಾವನನ್ನು ಅನಾಮತ್ತು ಎತ್ತಿಕೊಂಡ. "ಭಾವಾ, ಎಲ್ಲರ ಜಿಲ್ಲೆಯದೂ ಹೇಳ್ದೆ, ನನ್ನದು ಒಂದು ಮಾತೂ ಹೇಳ್ಲಿಲ್ಲವಲ್ಲೋ!"

"ನಿನ್ನ ಮಾತು ಮನೇಲೇ ಬೇಕಾದಷ್ಟು ಕೇಳಿದೀನಿ. ಇಳಿಸು ಮೊದ್ಲು, ಪೈಜಾಮದ ಲಾಡಿ ಸಡಿಲ ಆಗಿದೆ!"

ಅವಧಿ ಮುಗಿಯುವವರೆಗೂ ಕರಮ್‌ದಾದ್ ಕುರ್ಚಿಯಲ್ಲಿ ಕೂತ. ವಿರ್ಕ್ ಊರಿಗೆ ರೈಲು ಗೇಟು ಬಂತು. ದಂಡೆಗೆ ಒಡ್ಡೂ ಬಂತು. ಪೂರ್ತಿ ಬರಲಿಲ್ಲ, ಮುಕ್ಕಾಲು ಬಂತು. ಮಿಕ್ಕ ಕಾಲುಭಾಗಕ್ಕೆ ಜಗಳ ಇನ್ನೂ ನಡೆದಿದೆ. ಮುಂದಿನ ಚುನಾವಣೆಯಲ್ಲಿ ಗಡಿ ಮತ್ತೆ ಬದಲಾಗಿ ಭಾವಂದಿರು ಮತ್ತೆ ಎದುರಾದರು. ಒಡ್ಡು ತಂದವನು ಎಂದು ದಂಡೆಯವರು ಅತಾ ರಸೂಲನನ್ನು ಮೆರವಣಿಗೆ ಮಾಡಿದರು, ಕರಮ್‌ದಾದ್ ಸೋತ. ಸೋತ ಮಾರನೆಯ ಬೆಳಿಗ್ಗೆ ಅವನು ಎರಡು ಪರೋಟಾ ಹೆಚ್ಚಿಗೆ ತಿಂದದ್ದನ್ನು ಖುರ್ಷೀದಾ ನೋಡಿದಳು, ಇನ್ನೊಂದನ್ನು ತಟ್ಟೆಗೆ ಹಾಕಿದಳು.

ಈಗ ಕೋಟಿನ ಅವರ ಮನೆಯ ಮುಂದಿನ ಬೇವಿನ ನೆರಳಲ್ಲಿ ಹಗ್ಗದ ಮಂಚಗಳು ಸಾಲಾಗಿ ಬಿದ್ದಿರುತ್ತವೆ. ಜಮೀನಿನ ತಕರಾರು, ಸೊಸೆಯ ಮುನಿಸು, ಕಾಲುವೆ ನೀರಿನ ಸರದಿ, ಎಲ್ಲವನ್ನೂ ಹೊತ್ತುಕೊಂಡು ಜನ ಬರುತ್ತಾರೆ. ಮಾಜಿ ಸ್ಪೀಕರ್ ಸಾಹೇಬರು ಕೇಳುತ್ತಾರೆ. ಎಷ್ಟೋ ಸಲ ಹೇಳಿ ಮುಗಿಸಿದ ಮೇಲೆ ಬಂದವರೇ, "ಸರಿ ಸಾಯೀಂ, ಏನು ಮಾಡಬೇಕು ಅಂತ ನಂಗೇ ಹೊಳೀತು" ಎಂದು ಎದ್ದುಹೋಗುತ್ತಾರೆ.

ಒಂದು ಶುಕ್ರವಾರ ಅತಾ ರಸೂಲ್ ನೂರಾಂಳ ಜೊತೆ ಬಂದ. ಈಗ ಅವನು ಮಂತ್ರಿ. ಹೊರಗೆ ಬಾವುಟದ ಕಾರು, ಒಳಗೆ ಇಳಿದುಹೋದ ಮುಖ. ಮಂಚದ ಮೇಲೆ ದೊಪ್ಪನೆ ಕೂತು ಪಗಡಿ ತೆಗೆದಿಟ್ಟ. "ಭಾವಾ, ಆ ಇಸ್ಲಾಮಾಬಾದಲ್ಲಿ ಎಲ್ಲರೂ ಮಾತಾಡೋರೇ ಕಣೋ. ನಾನು ಬಾಯಿ ತೆಗೆಯೋದ್ರೊಳಗೆ ಎದುರಿಗೆ ಇರೋನು ಗಡಿಯಾರ ನೋಡ್ತಾನೆ."

ಕರಮ್‌ದಾದ್ ಹುಕ್ಕಾದ ಕೊಳವೆಯನ್ನು ಅವನ ಕಡೆ ತಿರುಗಿಸಿ, ದಿಂಬಿಗೆ ಒರಗಿ, ಕಾಲು ಮೇಲೆ ಎಳೆದುಕೊಂಡ. "ಹೇಳು. ಮೊದಲಿಂದ ಹೇಳು."

ತಂದೂರಿನ ಪಕ್ಕದಲ್ಲಿ ನಿಂತಿದ್ದ ಖುರ್ಷೀದಾ ಇಬ್ಬರನ್ನೂ ಒಮ್ಮೆ ನೋಡಿದಳು. ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಸಾಗಿನ ಗಡಿಗೆ ಎತ್ತಿಕೊಂಡಳು.

"ಬಾ ನೂರಾಂ," ಎಂದಳು. "ಇವರದು ಮುಗಿಯೋ ಹಾಗೆ ಕಾಣಲ್ಲ. ಬಿಸಿ ಇರೋವಾಗ್ಲೇ ನಾವು ತಿನ್ನೋಣ."